ಕೋಂಕ್: ಒಂದು ಹಳ್ಳಿ ಕಾಪಾಡಿದ ನಿಧಿ

ಫ್ರಾನ್ಸ್ ದೇಶದ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಪ್ಯಾರಿಸ್ ನಗರದ ಕಡೆಗೆ ಹರಿಯುವುದು ಸಹಜವೇ ಸರಿ. ಆದರೆ ಆ ದೇಶದಲ್ಲಿ ಸುಮಾರು 35,000 ‘ಕಮ್ಯೂನು’ಗಳಿರುವುವು. ಕಮ್ಯೂನೆಂದರೆ ಅಲ್ಲಿನ ಸ್ಥಳೀಯ ಆಡಳಿತದ ಮೂಲಘಟಕ. ಮಹಾನಗರವೂ ಒಂದು ಕಮ್ಯೂನೇ, ಇನ್ನೂರು ಜನರ ಕುಗ್ರಾಮವೂ ಒಂದು ಕಮ್ಯೂನೇ. ಎರಡಕ್ಕೂ ಚುನಾಯಿತ ಸಭೆಯುಂಟು, ಮೇಯರುಂಟು. ಇವುಗಳಲ್ಲಿ ಬಹುಪಾಲು ಸಣ್ಣ ಊರುಗಳೇ. ಅಂತಹ ಒಂದು ಊರಾದ ಕೋಂಕಿನ ವೃತ್ತಾಂತವನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಕೋಂಕ್ ಗ್ರಾಮವು ದಕ್ಷಿಣ ಫ್ರಾನ್ಸಿನ ಅವೇರೋನ್ ಜಿಲ್ಲೆಯಲ್ಲಿರುವುದು. ಹಿಂದೆ ಈ ಸೀಮೆಗೆ ರುಎರ್ಗ್ ಎಂದು ಹೆಸರು. ದೂರ್ದು ನದಿಗೆ ಊಷ್ ಎಂಬ ಹೊಳೆಯು ಬಂದು ಸೇರುವ ಕಡಿದಾದ ಕಣಿವೆಯ ಓರೆಯಲ್ಲಿ ಮನೆಗಳು ಒಂದರ ಮೇಲೊಂದು ಮೆಟ್ಟಿಲಿಟ್ಟಂತೆ ನಿಂತಿರುವುವು. ಸ್ಥಳದ ಆಕಾರವು ಚಿಪ್ಪಿನಂತಿರುವುದರಿಂದ ಲ್ಯಾಟಿನ್ ಭಾಷೆಯ ‘ಕೊಂಕ’ ಎಂಬ ಶಬ್ದದಿಂದ ಈ ಹೆಸರು ಬಂದಿತೆಂದು ಹೇಳುವರು. ಬೂದುಬಣ್ಣದ ಪದರುಗಲ್ಲಿನ ಚಪ್ಪಡಿಗಳೇ ಮನೆಗಳಿಗೆ ಹೊದಿಕೆ. ಸಮತಟ್ಟಾದ ಹೊಲಗಳು ಇಲ್ಲಿ ಅಪರೂಪ. ಇಳಿಜಾರಿನಲ್ಲಿ ಜಗಲಿಗಳನ್ನು ಕಟ್ಟಿ ದ್ರಾಕ್ಷಿಯನ್ನು ಬೆಳೆಯುತ್ತಿದ್ದರು. ಸುತ್ತಲ ಕಾಡಿನ ಚೆಸ್ಟ್‌ನಟ್ ಕಾಯಿಯೇ ಬಡವರ ಆಹಾರವಾಗಿದ್ದಿತು.

ಇಂತಹ ದುರ್ಗಮ ಸ್ಥಳವನ್ನು ಹುಡುಕಿಕೊಂಡು ಬಂದವನು ದಾದೋನ್ ಎಂಬ ತಪಸ್ವಿ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಇಲ್ಲಿ ನೆಲೆಸಲು, ಕಾಲಕ್ರಮದಲ್ಲಿ ಒಂದು ಮಠವು ಬೆಳೆಯಿತು. ಆದರೆ ಯಾತ್ರಿಕರನ್ನು ಸೆಳೆಯುವಂತಹ ಸಂತರ ಪವಿತ್ರಾವಶೇಷವು ಮಠದಲ್ಲಿರಲಿಲ್ಲ. ಆಗ ನಡೆದುದು ವಿಚಿತ್ರವಾದ ಕಾರ್ಯ. ಆಜಾನ್ ಎಂಬ ಪಟ್ಟಣದಲ್ಲಿ, ರೋಮನರ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣವನ್ನೊಪ್ಪಿಸಿದ ಫ್ವಾ ಎಂಬ ಬಾಲಿಕೆಯ ಅಸ್ಥಿಗಳಿದ್ದುವು. ಫ್ವಾ ಎಂದರೆ ಶ್ರದ್ಧೆ ಎಂದರ್ಥ. 866ರ ಸುಮಾರಿನಲ್ಲಿ ಕೋಂಕಿನ ಸನ್ಯಾಸಿಯೊಬ್ಬನು ಆ ಅಸ್ಥಿಗಳನ್ನು ಗುಟ್ಟಾಗಿ ಅಪಹರಿಸಿ ತನ್ನ ಮಠಕ್ಕೆ ತಂದನು. ಮಠದವರು ಇದನ್ನು ಕಳವೆಂದೆಣಿಸಲಿಲ್ಲ, ‘ಸ್ಥಾನಾಂತರ’ವೆಂದು ಕರೆದರು. ಸಂತಳ ಇಚ್ಛೆಯಿಲ್ಲದಿದ್ದರೆ ಅವಳು ಬರುತ್ತಿದ್ದಳೇ ಎಂಬುದು ಆ ಕಾಲದ ತರ್ಕ.

ಈ ಅವಶೇಷಗಳಿಗಾಗಿ ಮರದ ಮೂರ್ತಿಯೊಂದನ್ನು ಕಡೆದು, ಅದಕ್ಕೆ ಚಿನ್ನದ ತಗಡನ್ನು ಹೊದಿಸಿ, ರತ್ನಗಳನ್ನು ಕೆತ್ತಿದರು. ಸಿಂಹಾಸನದ ಮೇಲೆ ಕುಳಿತ ಈ ಮೂರ್ತಿಯ ಎತ್ತರ ಸುಮಾರು 85 ಸೆಂಟಿಮೀಟರು. ಇದರ ಮುಖಭಾಗವು ರೋಮನ್ ಕಾಲದ ಅಂತ್ಯದ ಪ್ರತಿಮೆಯೊಂದರಿಂದ ಬಂದುದು. ನಮ್ಮ ಉತ್ಸವಮೂರ್ತಿಗಳಂತೆ ಇದನ್ನೂ ಮೆರವಣಿಗೆಯಲ್ಲಿ ಹೊತ್ತು ನಡೆಯುತ್ತಿದ್ದರು. 1013ರ ವೇಳೆಗೆ ಆಂಜೇ ನಗರದ ಬರ್ನಾರ್ ಎಂಬ ಉಪಾಧ್ಯಾಯನು ಇಲ್ಲಿಗೆ ಬಂದು, ಮೊದಲು ಇದನ್ನು ಅನ್ಯಧರ್ಮೀಯರ ವಿಗ್ರಹಕ್ಕೆ ಹೋಲಿಸಿ ಜರೆದನು. ಕೆಲವು ದಿನ ಭಕ್ತರ ನಡುವೆ ಇದ್ದ ಮೇಲೆ ಅವನ ಅಭಿಪ್ರಾಯವು ಬದಲಾಯಿತು. ಇದು ಬಲಿಯನ್ನು ಬೇಡುವ ವಿಗ್ರಹವಲ್ಲ, ಸಂತಳ ಸ್ಮರಣೆಗೆ ಸಾಧನವೆಂದು ಕಂಡುಕೊಂಡು, ಅವಳ ಪವಾಡಗಳನ್ನೇ ಗ್ರಂಥವಾಗಿ ಬರೆದನು.

ಸ್ಪೇನ್ ದೇಶದ ಸಾಂತಿಯಾಗೋ ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಕೋಂಕಿನಲ್ಲಿ ತಂಗುವ ವಾಡಿಕೆ ಬೆಳೆಯಿತು. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಹೊಸ ದೇವಾಲಯದ ನಿರ್ಮಾಣವು ಆರಂಭವಾಯಿತು. ಅದರ ಪಶ್ಚಿಮದ್ವಾರದ ಮೇಲೆ ಹನ್ನೆರಡನೆಯ ಶತಮಾನದ ಶಿಲ್ಪಿಗಳು ಅಂತಿಮ ನ್ಯಾಯತೀರ್ಪಿನ ದೃಶ್ಯವನ್ನು ಕೆತ್ತಿರುವರು. ಅಲ್ಲಿ 124 ಆಕೃತಿಗಳಿರುವುವು. ಒಂದು ಕಡೆ ದೇವದೂತನೂ ಪಿಶಾಚಿಯೂ ಆತ್ಮಗಳನ್ನು ತಕ್ಕಡಿಯಲ್ಲಿ ತೂಗುವರು. ಇನ್ನೊಂದು ಕಡೆ ಕೊರಳಿಗೆ ಹಣದ ಚೀಲವನ್ನು ಕಟ್ಟಿಕೊಂಡ ಲೋಭಿಯು ನೇಣಿನಲ್ಲಿ ತೂಗುವನು. ಒಂದು ಮೂಲೆಯಲ್ಲಿ ಬಾಲಿಕೆ ಫ್ವಾ ಸಾಷ್ಟಾಂಗವೆರಗಿರುವಳು. ಅವಳ ಹಿಂದೆ ಸಂಕೋಲೆಗಳು ತೂಗುತ್ತಿರುವುವು. ಸೆರೆಯಿಂದ ಬಿಡುಗಡೆಯಾದವರು ತಮ್ಮ ಸಂಕೋಲೆಗಳನ್ನು ಅವಳಿಗೆ ಒಪ್ಪಿಸುತ್ತಿದ್ದರು. ಆ ಕಬ್ಬಿಣದಿಂದಲೇ ದೇವಾಲಯದ ಬಾಗಿಲುಗಳನ್ನು ಮಾಡಿಸಿದರೆಂದು ಬರ್ನಾರನು ಬರೆದಿರುವನು.

ಮುಂದೆ ಮಠವು ಕ್ಷೀಣಿಸಿತು. 1789ರಲ್ಲಿ ಕ್ರಾಂತಿಯು ಒದಗಿತು. ಚರ್ಚಿನ ಆಸ್ತಿಯು ರಾಷ್ಟ್ರದ ವಶವಾಯಿತು. ಚಿನ್ನಬೆಳ್ಳಿಯ ಪವಿತ್ರವಸ್ತುಗಳು ಕರಗಿ ಟಂಕಸಾಲೆಯನ್ನು ಸೇರಿದುವು. ಕೋಂಕಿಗಿಂತ ಎಷ್ಟೋ ಪಾಲು ಹಿರಿದಾಗಿದ್ದ ಕ್ಲೂನಿಯ ಮಹಾದೇವಾಲಯವೇ ಕಲ್ಲಿನ ಗಣಿಯಾಗಿ ನೆಲಸಮವಾಯಿತು. ಕೋಂಕಿನ ಚಿನ್ನದ ಮೂರ್ತಿಗೂ ಅದೇ ಗತಿ ಕಾದಿದ್ದಿತು. ಆಗ ಗ್ರಾಮಸ್ಥರು ನಿಧಿಯನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಮನೆಗಳಲ್ಲಿಯೂ ತೋಟಗಳಲ್ಲಿಯೂ ಚೆಸ್ಟ್‌ನಟ್ ಒಣಗಿಸುವ ಕೊಟ್ಟಿಗೆಗಳಲ್ಲಿಯೂ ಬಚ್ಚಿಟ್ಟರೆಂದು ಊರಿನವರ ಪರಂಪರೆಯು ಹೇಳುವುದು. ಭಯವು ಕಳೆದ ಮೇಲೆ ನಿಧಿಯು ಮತ್ತೆ ದೇವಾಲಯವನ್ನು ಸೇರಿತು. ಒಂದು ರತ್ನವೇ ಬಡವನ ಬಾಳನ್ನು ಹಸನುಮಾಡಬಹುದಾಗಿದ್ದ ಕಾಲವದು. ಮಧ್ಯಯುಗದ ಸ್ವರ್ಣಕಲೆಯ ಅಪೂರ್ವ ಸಂಗ್ರಹವೊಂದು ಇಂದಿಗೂ ಅಲ್ಲಿಯೇ ಉಳಿದಿರುವುದು ಆ ಅನಾಮಧೇಯರಿಂದ.

ಕಟ್ಟಡದ ರಕ್ಷಣೆಯು ಮಾತ್ರ ಬಡಗ್ರಾಮದ ಶಕ್ತಿಗೆ ಮೀರಿದುದಾಗಿದ್ದಿತು. 1837ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್‌ಸ್ಪೆಕ್ಟರಾಗಿದ್ದ ಸಾಹಿತಿ ಪ್ರೊಸ್ಪೇರ್ ಮೆರಿಮೆಯು ಇಲ್ಲಿಗೆ ಬಂದು, ಜೀರ್ಣವಾಗಿದ್ದ ದೇವಾಲಯವನ್ನು ಕಂಡು ಬೆರಗಾಗಿ, ಸರಕಾರದ ಗಮನವನ್ನು ಸೆಳೆದನು. ಆ ಬಳಿಕ ಜೀರ್ಣೋದ್ಧಾರವು ನಡೆಯಿತು. 1994ರಲ್ಲಿ, ಸಮೀಪದ ರೊದೆಜ್ ಪಟ್ಟಣದಲ್ಲಿ ಹುಟ್ಟಿದ ಚಿತ್ರಕಾರ ಪಿಯೆರ್ ಸೂಲಾಜ್ ರಚಿಸಿದ 104 ಗಾಜಿನ ಗವಾಕ್ಷಿಗಳು ಇಲ್ಲಿ ಪೂರ್ಣಗೊಂಡುವು. ಅವುಗಳಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಹೊತ್ತಿಗೆ ತಕ್ಕಂತೆ ಬೆಳಕೇ ಅವುಗಳ ಬಣ್ಣ. 1998ರಲ್ಲಿ ಯುನೆಸ್ಕೋ ಸಂಸ್ಥೆಯು ಸಾಂತಿಯಾಗೋ ಯಾತ್ರಾಮಾರ್ಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಈ ದೇವಾಲಯವೂ ದೂರ್ದು ನದಿಯ ಹಳೆಯ ಸೇತುವೆಯೂ ಅದರಲ್ಲಿ ಸ್ಥಾನ ಪಡೆದುವು.

2016ರ ಜನವರಿ 1ರಂದು ಕೋಂಕ್ ನೆರೆಯ ಮೂರು ಗ್ರಾಮಗಳೊಡನೆ ಸೇರಿ ‘ಕೋಂಕ್-ಆಂ-ರುಎರ್ಗ್’ ಎಂಬ ಹೊಸ ಕಮ್ಯೂನಾಯಿತು. ಆ ವೇಳೆಗೆ ಹಳೆಯ ಊರಿನ ಜನಸಂಖ್ಯೆ ಮುನ್ನೂರಕ್ಕೂ ಕಡಿಮೆ. ಸೀಮೆಯ ಗಡಿಗಳು ರಾಜಾಜ್ಞೆಯಿಂದಲೂ ಶಾಸನದಿಂದಲೂ ಬದಲಾಗುತ್ತಿರುವುವು. ಪೂರ್ವಿಕರ ಸಂಪತ್ತು ಉಳಿಯುವುದಕ್ಕೆ ಶಾಸನವೂ ಬೇಕು, ಪಂಡಿತರೂ ಬೇಕು. ಆದರೆ ಅವರು ಬರುವವರೆಗೂ ಅದನ್ನು ತನ್ನದೆಂದು ತಿಳಿದು ಕಾಯುವ ನೆರೆಹೊರೆಯು ಎಲ್ಲಕ್ಕಿಂತ ಮೊದಲು ಬೇಕು. ಕೋಂಕಿನ ರೈತರು ಅಂತಹ ನೆರೆಹೊರೆಯಾಗಿದ್ದರು.