ಊರು ಬಿಡದ ಹಾಡುಗಾರ

ಸ್ಲೊವಾಕಿಯದ ರಾಜಧಾನಿ ಬ್ರಾಟಿಸ್ಲಾವಾ ಡ್ಯಾನ್ಯೂಬ್ ನದಿ ದಂಡೆಯ ಊರು. ಅಲ್ಲಿಂದ ಆಸ್ಟ್ರಿಯದ ವಿಯೆನ್ನಾ ನಗರಕ್ಕೆ ಸುಮಾರು 60 ಕಿಲೋಮೀಟರ್, ಅಂದರೆ ಒಂದು ಗಂಟೆಯ ದಾರಿ. ಆದರೆ 1989ರವರೆಗೆ ಈ ದಾರಿಗೆ ಅಡ್ಡವಾಗಿ ಮುಳ್ಳುತಂತಿಯ ಬೇಲಿ ಇತ್ತು, ಬಂದೂಕು ಹಿಡಿದ ಕಾವಲು ಇತ್ತು. ಜನ ದಾಟುವಂತಿರಲಿಲ್ಲ. ರೇಡಿಯೊ ಅಲೆಗಳು ಮಾತ್ರ ಯಾರನ್ನೂ ಕೇಳದೆ ದಾಟುತ್ತಿದ್ದವು. ಆ ಅಲೆಗಳ ಜೊತೆ ಅಮೆರಿಕದ ಕರಿಯ ಜನರ ಸಂಗೀತ ಜಾಝ್ ಕೂಡ ಬಂತು.

ಆ ಸಂಗೀತವನ್ನು ತನ್ನದಾಗಿಸಿಕೊಂಡು, ತನ್ನ ಭಾಷೆಗೂ ತಂದು, ಅದಕ್ಕೊಂದು ಕಾಯಂ ವೇದಿಕೆಯನ್ನೂ ಕಟ್ಟಿದ ಗಾಯಕ ಪೀಟರ್ ಲಿಪಾ. ಅವರ ಕಥೆ ಒಬ್ಬ ಕಲಾವಿದನ ಏಳುಬೀಳಿನ ಕಥೆ ಮಾತ್ರವಲ್ಲ. ಕಲೆಯನ್ನು ಅನುಮಾನದಿಂದ ನೋಡುವ ಪ್ರಭುತ್ವದ ಕೆಳಗೆ ಕಲಾವಿದ ಬದುಕುವುದು ಹೇಗೆ ಎಂಬ ಪ್ರಶ್ನೆಯೂ ಅದರಲ್ಲಿದೆ.

ಶತ್ರುವಿನ ಸಂಗೀತ

ಲಿಪಾ ಹುಟ್ಟಿದ್ದು 1943ರ ಮೇ 30ರಂದು, ಪೂರ್ವ ಸ್ಲೊವಾಕಿಯದ ಪ್ರೆಶೋವ್ ಪಟ್ಟಣದಲ್ಲಿ. ಆಗ ಅಲ್ಲಿದ್ದದ್ದು ಹಿಟ್ಲರನ ಜರ್ಮನಿಯ ಬೆಂಬಲದಿಂದ ನಿಂತಿದ್ದ ಸರ್ಕಾರ. ಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯ ಮತ್ತೆ ಒಂದಾಯಿತು. 1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿಯಿತು. ಪರಸ್ಪರ ವೈರಿಗಳಾಗಿದ್ದ ಈ ಎರಡೂ ವ್ಯವಸ್ಥೆಗಳು ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದವು: ಇಬ್ಬರಿಗೂ ಜಾಝ್ ಕಂಡರೆ ಆಗುತ್ತಿರಲಿಲ್ಲ. ನಾಜಿಗಳಿಗೆ ಅದು ಕರಿಯರ, ಯೆಹೂದ್ಯರ ಸಂಗೀತ. ಕಮ್ಯುನಿಸ್ಟರಿಗೆ ಅದು ಬಂಡವಾಳಶಾಹಿಯ ಅಮಲು. ರಷ್ಯದ ಸಾಹಿತಿ ಮ್ಯಾಕ್ಸಿಂ ಗಾರ್ಕಿ 1928ರಲ್ಲೇ ಇದನ್ನು ಕೊಬ್ಬಿದವರ ಸಂಗೀತವೆಂದು ಜರೆದು ಲೇಖನ ಬರೆದಿದ್ದರು.

ಸ್ಟಾಲಿನ್ ಕಾಲ ಮುಗಿದ ಮೇಲೆ ಬಿಗಿ ನಿಧಾನವಾಗಿ ಸಡಿಲಿತು. 1955ರಲ್ಲಿ ವಾಯ್ಸ್ ಆಫ್ ಅಮೆರಿಕ ಬಾನುಲಿಯಲ್ಲಿ ವಿಲ್ಲಿಸ್ ಕಾನೋವರ್ ನಡೆಸಿಕೊಡುವ ಜಾಝ್ ಕಾರ್ಯಕ್ರಮ ಶುರುವಾಯಿತು. ಪೂರ್ವ ಯೂರೋಪಿನ ಒಂದು ಇಡೀ ಪೀಳಿಗೆ ರಾತ್ರಿ ಹೊತ್ತು ರೇಡಿಯೊಗೆ ಕಿವಿಯಿಟ್ಟು ಪಾಠ ಕಲಿತದ್ದು ಹೀಗೆ. 1964ರಲ್ಲಿ ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಜಾಝ್ ಉತ್ಸವ ಆರಂಭವಾಯಿತು. ಮರುವರ್ಷ ಸ್ವತಃ ಲೂಯಿ ಆರ್ಮ್‌ಸ್ಟ್ರಾಂಗ್ ಅಲ್ಲಿಗೆ ಬಂದು ತುತ್ತೂರಿ ಊದಿದರು. ಕರಿಯರು ಶೋಷಿತರು, ಆದ್ದರಿಂದ ಅವರ ಸಂಗೀತವೂ ಶೋಷಿತರ ಸಂಗೀತ ಎಂಬ ವಾದವನ್ನು ಜಾಝ್ ಪ್ರಿಯರು ಸರ್ಕಾರದ ಮುಂದೆ ಗುರಾಣಿಯಂತೆ ಹಿಡಿದಿದ್ದರು.

ಈ ಸಡಿಲಿನ ದಿನಗಳಲ್ಲಿ ಲಿಪಾ ಹಾಡಲು ಶುರುಮಾಡಿದರು. 'ಬ್ಲೂಸ್ ಫೈವ್', 'ರಿವೈವಲ್ ಜಾಝ್ ಬ್ಯಾಂಡ್' ಮುಂತಾದ ತಂಡಗಳಲ್ಲಿ ಅವರ ದನಿ ಪಳಗಿತು.

ಮೂರು ದಾರಿಗಳು

1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಸೇನೆಗಳು ಜೆಕೊಸ್ಲೊವಾಕಿಯದೊಳಗೆ ನುಗ್ಗಿದವು. ಸುಧಾರಣೆಗೆ ಕೈಹಾಕಿದ್ದ ಅಲೆಕ್ಸಾಂಡರ್ ದುಬ್ಚೆಕ್ ಪದಚ್ಯುತರಾದರು. 1969ರ ಏಪ್ರಿಲ್‌ನಲ್ಲಿ ಅವರ ಜಾಗಕ್ಕೆ ಗುಸ್ತಾವ್ ಹುಸಾಕ್ ಬಂದರು. ಇಬ್ಬರೂ ಸ್ಲೊವಾಕರೇ. ಮುಂದಿನ ಇಪ್ಪತ್ತು ವರ್ಷಗಳ ಬಿಗಿ ಆಡಳಿತಕ್ಕೆ ಸರ್ಕಾರ ಇಟ್ಟ ಹೆಸರು 'ಸಹಜೀಕರಣ'. ಸಂಗೀತಗಾರರು ಪರೀಕ್ಷಾ ಮಂಡಳಿಯ ಮುಂದೆ ನಿಂತು ಹೊಸದಾಗಿ ಪರವಾನಗಿ ಪಡೆಯಬೇಕಾಯಿತು. ಅಲ್ಲಿ ಸ್ವರಜ್ಞಾನದ ಜೊತೆ ರಾಜಕೀಯ ಜ್ಞಾನದ ಪರೀಕ್ಷೆಯೂ ನಡೆಯುತ್ತಿತ್ತು.

ಕಲಾವಿದರ ಮುಂದೆ ಆಗ ಮೂರು ದಾರಿಗಳಿದ್ದವು. ಮೊದಲನೆಯದು ದೇಶ ಬಿಡುವುದು. ಪಿಯಾನೊ ವಾದಕ ಯಾನ್ ಹ್ಯಾಮರ್ 1968ರಲ್ಲಿ ಅಮೆರಿಕ ಸೇರಿದರು. ಮುಂದೆ ಜಾನ್ ಮೆಕ್‌ಲಾಫ್ಲಿನ್ ಅವರ 'ಮಹಾವಿಷ್ಣು ಆರ್ಕೆಸ್ಟ್ರಾ'ದಲ್ಲಿ ನುಡಿಸಿ ಜಗತ್ಪ್ರಸಿದ್ಧರಾದರು. ಸ್ಲೊವಾಕ್ ತುತ್ತೂರಿ ವಾದಕ ಲಾಟ್ಸೊ ಡೆಟ್ಸಿ 1985ರಲ್ಲಿ ಹೊರಟರು.

ಎರಡನೆಯದು ಎದುರು ನಿಲ್ಲುವುದು. 1971ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ 'ಜಾಝ್ ವಿಭಾಗ' ಎಂಬ ಸಂಘ ಸಂಗೀತದ ಹೆಸರಿನಲ್ಲಿ ಸೆನ್ಸಾರಿಗೆ ಸಿಗದ ಪುಸ್ತಕಗಳನ್ನೂ ಪ್ರಕಟಿಸಿ ಸದಸ್ಯರಿಗೆ ಹಂಚುತ್ತಿತ್ತು. ಅದು 1974ರಲ್ಲಿ ಆರಂಭಿಸಿದ್ದ 'ಪ್ರಾಗ್ ಜಾಝ್ ದಿನಗಳು' ಉತ್ಸವವನ್ನು ಸರ್ಕಾರ 1980ರಲ್ಲಿ ನಿಲ್ಲಿಸಿತು. 1986ರಲ್ಲಿ ಸಂಘದ ಮುಖಂಡರ ಬಂಧನವಾಯಿತು. ಮರುವರ್ಷ ವಿಚಾರಣೆ ನಡೆದು ಜೈಲು ಶಿಕ್ಷೆಯೂ ಆಯಿತು.

ಮೂರನೆಯದು ಊರಲ್ಲೇ ಉಳಿದು, ಸಿಕ್ಕಷ್ಟು ಜಾಗದಲ್ಲಿ ಕೆಲಸ ಮಾಡುವುದು. ಲಿಪಾ ಹಿಡಿದದ್ದು ಈ ದಾರಿ. 1975ರಲ್ಲಿ ಅವರು 'ಬ್ರಾಟಿಸ್ಲಾವಾ ಜಾಝ್ ದಿನಗಳು' ಎಂಬ ಉತ್ಸವ ಆರಂಭಿಸಿದರು.

ಉತ್ಸವ ಎಂದರೆ ಬರೀ ಹಾಡುಗಾರಿಕೆಯೇ? ವಿದೇಶಿ ಕಲಾವಿದರನ್ನು ಕರೆಸಬೇಕಾದರೆ ಸರ್ಕಾರಿ ಸಂಸ್ಥೆಯ ಮೂಲಕವೇ ಹೋಗಬೇಕಿದ್ದ ಕಾಲ ಅದು. ಅವರಿಗೆ ಕೊಡಬೇಕಾದ ವಿದೇಶಿ ಹಣವೂ ಸರ್ಕಾರದ ಕೈಯಲ್ಲೇ ಇತ್ತು. ಮೇಲಿನವರ ಒಪ್ಪಿಗೆ ಇಲ್ಲದೆ ಸಭಾಂಗಣದ ಬಾಗಿಲು ತೆರೆಯುತ್ತಿರಲಿಲ್ಲ. ಇಂಥ ವ್ಯವಸ್ಥೆಯಲ್ಲಿ ಮೊಹರು ಬಿದ್ದ ಕಾಗದದ ಹಿಂದೆ ಹೋಗುವುದು ರಾಜಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜೈಲು ಕಂಡವರ ಧೈರ್ಯದ ಮುಂದೆ ಇದು ಸಣ್ಣದಾಗಿ ಕಾಣಬಹುದು. ಆದರೆ ಪ್ರಾಗ್‌ನ ಉತ್ಸವ ನಿಂತುಹೋದ ಮೇಲೂ ಬ್ರಾಟಿಸ್ಲಾವಾದ ಉತ್ಸವ ಉಳಿಯಿತು. ಬೇಲಿಯಾಚೆ ಹೋಗಲಾರದ ಕೇಳುಗನಿಗೆ ಹೊರಗಿನ ಗಾಳಿ ವರ್ಷಕ್ಕೊಮ್ಮೆಯಾದರೂ ಊರಲ್ಲೇ ಸಿಕ್ಕಿತು. ಈ ಲಾಭವನ್ನು ತಳ್ಳಿಹಾಕುವಂತಿಲ್ಲ.

ಲಿಂಡನ್ ಮರದ ಬ್ಲೂಸ್

ಲಿಪಾ ಎದುರಿಸಿದ ಇನ್ನೊಂದು ಸವಾಲು ಭಾಷೆಯದು. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳ ಸೀಮೆಯಲ್ಲಿ. ಒಂದು ಸಾಲನ್ನು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಹಳೆಯ ಕ್ರಮ. ಇಂಗ್ಲಿಷಿನ ಸಾಲುಗಳು ಬಹಳ ಸಲ ಒತ್ತಿಲ್ಲದ ಸಣ್ಣ ಪದದಿಂದ ಶುರುವಾಗಿ ಆಮೇಲೆ ತಾಳಕ್ಕೆ ಬಂದು ಕೂರುತ್ತವೆ. ಸ್ಲೊವಾಕ್ ಹಾಗಲ್ಲ. ಅಲ್ಲಿ ಪ್ರತಿ ಪದದ ಒತ್ತು ಮೊದಲ ಅಕ್ಷರದ ಮೇಲೇ ಬೀಳಬೇಕು.

ಇದರ ಮೇಲೆ ನಮ್ಮ ಕನ್ನಡದಲ್ಲಿರುವಂತೆ ಅಲ್ಲೂ ಹ್ರಸ್ವ-ದೀರ್ಘಗಳ ಭೇದವಿದೆ. ದೀರ್ಘ ತಪ್ಪಿದರೆ ಅರ್ಥವೇ ಬದಲಾಗಬಹುದು. ನಮ್ಮ ವರ್ಣಮಾಲೆಯ 'ಋ', 'ೠ'ಗಳಂತೆ ಸ್ವರದ ಕೆಲಸ ಮಾಡುವ ರಕಾರವೂ ಆ ಭಾಷೆಯಲ್ಲಿದೆ, ಅದಕ್ಕೂ ಹ್ರಸ್ವ, ದೀರ್ಘ ಎರಡೂ ಉಂಟು. ಸ್ವರವನ್ನು ಜಗ್ಗಿ, ಎಳೆದು, ಶ್ರುತಿಯಿಂದ ಕೊಂಚ ಜಾರಿಸಿ ಹಾಡುವ ಬ್ಲೂಸ್ ಗಾಯಕನಿಗೆ ಇಂಥ ಭಾಷೆ ಹೆಜ್ಜೆ ಹೆಜ್ಜೆಗೂ ಅಡ್ಡ ಬರುತ್ತದೆ. ಇಂಗ್ಲಿಷಿನಲ್ಲೇ ಹಾಡಿಕೊಂಡಿದ್ದರೆ ಲಿಪಾ ಅವರಿಗೆ ಈ ತೊಂದರೆ ಇರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅವರು ಧಾರಾಳವಾಗಿ ಹಾಡಿದ್ದಾರೆ ಕೂಡ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ.

1980ರ ದಶಕದಲ್ಲಿ ಝೆಕ್ ಗಿಟಾರ್ ವಾದಕ ಲುಬೊಶ್ ಆಂಡರ್‌ಷ್ಟ್ ಜೊತೆ ಅವರು ಹೊರತಂದ ಧ್ವನಿಮುದ್ರಿಕೆಯೊಂದರ ಹೆಸರಿನ ಅರ್ಥ 'ಲಿಂಡನ್ ಮರದ ಬ್ಲೂಸ್'. ಸ್ಲೊವಾಕ್ ಭಾಷೆಯಲ್ಲಿ 'ಲಿಪಾ' ಎಂದರೆ ಲಿಂಡನ್ ಮರ; ಸ್ಲಾವ್ ಜನರಿಗೆ ಅದು ತಮ್ಮತನದ ಗುರುತು. ಗಾಯಕನ ಹೆಸರು, ಊರಿನ ಮರ, ಪರದೇಶದ ರಾಗ ಮೂರೂ ಆ ಒಂದು ಹೆಸರಿನಲ್ಲಿ ಕೂಡಿಕೊಂಡವು.

2005ರಲ್ಲಿ ಮಿಲಾನ್ ಲಸಿತ್ಸಾ ಬರೆದ ಹಾಡುಗಳ ಧ್ವನಿಮುದ್ರಿಕೆಯನ್ನು ಲಿಪಾ ತಂದರು. ಲಸಿತ್ಸಾ ಸ್ಲೊವಾಕಿಯದ ಹೆಸರಾಂತ ನಟ, ವಿಡಂಬನಕಾರ. 1968ರ ನಂತರ ಜೊತೆಗಾರ ಯೂಲಿಯಸ್ ಸಟಿನ್ಸ್ಕಿ ಸಹಿತ ಅವರನ್ನು ಕೆಲಕಾಲ ಬ್ರಾಟಿಸ್ಲಾವಾದ ರಂಗದಿಂದ ದೂರ ಇಡಲಾಗಿತ್ತು. ಒಂದು ಕಾಲಕ್ಕೆ ಬಾಯಿ ಮುಚ್ಚಿಸಿದ್ದವರ ಮಾತಿಗೆ ಊರು ಬಿಡದೆ ಉಳಿದವರ ದನಿ ಸೇರಿತು. ಲಸಿತ್ಸಾ 2021ರ ಜುಲೈನಲ್ಲಿ, ತಮ್ಮ ರಂಗಮಂದಿರದಲ್ಲಿ ಹಾಡು ಮುಗಿಸಿದ ಬೆನ್ನಲ್ಲೇ ವೇದಿಕೆಯ ಮೇಲೇ ಕುಸಿದು ತೀರಿಕೊಂಡರು.

ಉಳಿದ ವೇದಿಕೆ

1989ರ ನವೆಂಬರಿನಲ್ಲಿ ರಕ್ತ ಹರಿಯದ ಕ್ರಾಂತಿಯೊಂದು ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿತು. ಬೇಲಿ ಕಿತ್ತುಹೋಯಿತು. 1993ರ ಜನವರಿ 1ರಂದು ಜೆಕೊಸ್ಲೊವಾಕಿಯ ಎರಡು ದೇಶಗಳಾಗಿ ಒಡೆದು ಸ್ಲೊವಾಕಿಯ ಸ್ವತಂತ್ರವಾಯಿತು. ಪರವಾನಗಿಯ ಕಾಟ ಹೋಗಿ, ದುಡ್ಡು ಹೊಂದಿಸುವ ಕಾಟ ಬಂತು. ಹಿಂದೆ ಜಾಝ್ ಎಂಬ ಕಾರಣಕ್ಕೇ ಸಭೆಗೆ ಬರುತ್ತಿದ್ದವರ ಮುಂದೆ ಈಗ ಜಗತ್ತಿನ ಎಲ್ಲ ಸಂಗೀತವೂ ಇತ್ತು.

ಉತ್ಸವ ಅದನ್ನೂ ದಾಟಿತು. ಬಹುಕಾಲ ಅದಕ್ಕೆ ಮನೆಯಾಗಿದ್ದ ನದಿ ದಂಡೆಯ ಸಾಂಸ್ಕೃತಿಕ ಭವನ ಈಗ ಇಲ್ಲ, ಅದನ್ನು ಕೆಡವಲಾಗಿದೆ. ಉತ್ಸವ ಹುಟ್ಟಿದಾಗ ಇದ್ದ ಆಡಳಿತವೂ ಹೋಯಿತು, ದೇಶವೂ ಹೋಯಿತು. 1975ರ ಆ ಆರಂಭಕ್ಕೆ ಅರ್ಧ ಶತಮಾನ ತುಂಬಿದೆ. ದೇಶ ಬಿಟ್ಟವರಿಗೆ ಜಗತ್ತಿನ ವೇದಿಕೆ ಸಿಕ್ಕಿತು, ಎದುರು ನಿಂತವರಿಗೆ ಇತಿಹಾಸದ ಗೌರವ ಸಿಕ್ಕಿತು. ಉಳಿದವನು ಊರಿಗೆ ಒಂದು ವೇದಿಕೆ ಉಳಿಸಿಕೊಟ್ಟ.