ಹಳೇ ಲೆಕ್ಕ, ಕಂತು 9: ಅಜ್ಜಿಯ 11 ಕೆಜಿ

ಫೋಟೊದಲ್ಲಿರೋದು ನಮ್ಮಜ್ಜಿಯ ಶುಗರ್ ಚೆಕಪ್ ಪುಸ್ತಕ. ಜನವರಿ ಪುಟದಲ್ಲಿ 58 ಕೆಜಿ. ಜುಲೈನಲ್ಲಿ ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾದಾಗ 47. ಮಧ್ಯೆ ಎರಡು ಸಲ ರವಿಕೆಗೆ ಹೊಲಿಗೆ ಹಾಕಿಸಿ ಬಿಗಿ ಮಾಡಿಸ್ಕೊಂಡಿದ್ರು. "ಅಜ್ಜಿ ಸ್ಲಿಮ್ ಆಗ್ಬಿಟ್ರು" ಅಂತ ನಾವೆಲ್ಲ ನಗ್ತಿದ್ವಿ. ನಾನೂ.

ಆಸ್ಪತ್ರೆಯ ಡಯಟೀಷಿಯನ್ ಕೇಳಿದ್ದು, "ಆರು ತಿಂಗಳ ಹಿಂದೆ ತೂಕ ಎಷ್ಟಿತ್ತಮ್ಮ?" ಅತ್ತೆ ಈ ಪುಸ್ತಕ ತೆಗೆದು ಕೊಟ್ರು. ಕಳೆದದ್ದು 11, ಮೂಲ 58, ಅಂದ್ರೆ 19%. ಆಪರೇಷನ್ ಎರಡು ವಾರ ಮುಂದಕ್ಕೆ ಹೋಯ್ತು, ಮೊದಲು ಊಟ ಸರಿ ಮಾಡೋಣ ಅಂದ್ರು. ಚಿಕ್ಕಪ್ಪ ರೇಗಿಬಿಟ್ರು: "ಒಳಗೆ ಕ್ಯಾನ್ಸರ್ ಬೆಳೀತಿದೆ, ಇವರು ಗಂಜಿ ಕುಡಿಸ್ತಾ ಕೂರ್ತಾರಂತೆ!" ನನಗೂ ಹಾಗೇ ಅನ್ನಿಸ್ತು. ಅದಕ್ಕೇ ಈ ಶೇಕಡಾ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕ್ದೆ.

ಕ್ಯಾನ್ಸರ್ ಬಂದವರು ಸವೆದುಹೋಗ್ತಾರೆ ಅನ್ನೋದು ಹೊಸ ವಿಷಯ ಅಲ್ಲ. ಇದಕ್ಕೆ ಡಾಕ್ಟರು ಹೇಳೋ 'ಕೆಕೆಕ್ಸಿಯಾ' ಅನ್ನೋ ಪದಕ್ಕೆ ಗ್ರೀಕ್‌ನಲ್ಲಿ ಕೆಟ್ಟ ಸ್ಥಿತಿ ಅಂತ ಅರ್ಥ. ಹೆಸರೇನೋ ಇತ್ತು, ಅಳತೆ ಇರಲಿಲ್ಲ.

ಅಳತೆ ಸಿಕ್ಕಿದ್ದು ಕ್ಯಾನ್ಸರ್‌ನಿಂದಲ್ಲ, ಹೊಟ್ಟೆ ಹುಣ್ಣಿನಿಂದ. 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಹೈರಮ್ ಸ್ಟಡ್ಲಿ, ಅಲ್ಸರ್ ಆಪರೇಷನ್ ಆದವರಲ್ಲಿ ಕೆಲವರು ಯಾಕೆ ಸಾಯ್ತಾರೆ ಅಂತ ದಾಖಲೆ ತೆಗೆದು ಕೂತರು. ವಯಸ್ಸು ನೋಡಿದರು, ಎಂಥ ಆಪರೇಷನ್ ಅಂತ ನೋಡಿದರು. ಎದ್ದು ಕಂಡಿದ್ದು ಒಂದೇ. ಮೊದಲೇ 20%ಗಿಂತ ಜಾಸ್ತಿ ತೂಕ ಕಳ್ಕೊಂಡಿದ್ದವರಲ್ಲಿ ಸುಮಾರು 33% ಜನ ಸತ್ತಿದ್ದರು, ಉಳಿದವರಲ್ಲಿ ಸುಮಾರು 3.5%. (ಕೆಜಿ ಅಲ್ಲ, ಶೇಕಡಾ. ಬಿಕಾಂನವರಿಗೆ ಹೇಳಬೇಕಿಲ್ಲ: 90 ಕೆಜಿಯವರಿಗೆ 11 ಹೋದ್ರೆ 12%, ಅಜ್ಜಿಗೆ 19%.)

ಒಂದು ತಕ್ಕಡಿ ಸಾಕಾಗೋ ಲೆಕ್ಕ ಇದು. ಆದ್ರೂ 1974ರಲ್ಲಿ ಡಾ. ಚಾರ್ಲ್ಸ್ ಬಟರ್‌ವರ್ತ್ ಅಮೆರಿಕದ ಆಸ್ಪತ್ರೆಗಳ ಬಗ್ಗೆ ಸಿಟ್ಟಿನಿಂದ ಬರೆಯಬೇಕಾಯ್ತು: ಕೇಸ್ ಶೀಟಲ್ಲಿ ಎಷ್ಟೋ ಸಲ ಎತ್ತರ, ತೂಕವನ್ನೇ ಬರೆದಿರಲ್ಲ, ರೋಗಿಗಳು ಆಸ್ಪತ್ರೆಯೊಳಗೇ ಸೊರಗ್ತಿದ್ದಾರೆ ಅಂತ.

ಕ್ಯಾನ್ಸರ್‌ನ ದೊಡ್ಡ ಲೆಕ್ಕ ಬಂದಿದ್ದು 1980ರಲ್ಲಿ. ಡಿವಿಸ್ ಮತ್ತು ಜೊತೆಗಾರರು ಕೀಮೋ ಶುರುವಾಗೋ ಮುಂಚಿನ ತೂಕ ನೋಡಿದ್ದು 3,047 ರೋಗಿಗಳದ್ದು. ಹೊಟ್ಟೆ, ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನವರಲ್ಲಿ 80%ಗಿಂತ ಜಾಸ್ತಿ ಜನ ಆಗಲೇ ತೂಕ ಕಳ್ಕೊಂಡಿದ್ದರು. ಬಹುತೇಕ ಕ್ಯಾನ್ಸರ್‌ಗಳಲ್ಲಿ, ತೂಕ ಇಳಿದವರು ಇಳಿಯದವರಷ್ಟು ದಿನ ಬದುಕಲಿಲ್ಲ.

ಆಮೇಲಿನ ಭಾಗ ನನಗೆ ತುಂಬಾ ಇಷ್ಟ ಆಯ್ತು. ಕೆನಡಾದ ಟೊರಾಂಟೊದಲ್ಲಿ ಡಾಕ್ಟರು ಒಂದು ಪ್ರಶ್ನೆ ಹಾಕ್ಕೊಂಡ್ರು: ಲ್ಯಾಬ್ ಟೆಸ್ಟ್ ಇಲ್ಲದೆ, ಬರೀ ಕೇಳಿ, ಮುಟ್ಟಿ ನೋಡಿ ಅಪೌಷ್ಟಿಕತೆ ಹೇಳಬಹುದಾ? 1982ರಲ್ಲಿ ಬಂದ ಉತ್ತರ, ಹೇಳಬಹುದು. ಎಷ್ಟು ತೂಕ ಇಳೀತು, ಊಟ ಎಷ್ಟು ಸೇರುತ್ತೆ, ವಾಂತಿ ಇದೆಯಾ, ಎದ್ದು ಓಡಾಡ್ತಾರಾ, ಭುಜ ತೊಡೆಯ ಮಾಂಸ ಕರಗಿದೆಯಾ. 1990ರ ದಶಕದಲ್ಲಿ ಫೇತ್ ಆಟರಿ ಅನ್ನೋ ಡಾಕ್ಟರ್ ಇದನ್ನ ಕ್ಯಾನ್ಸರ್ ರೋಗಿಗಳಿಗೆ ಅಂತಲೇ ತಿದ್ದಿದರು. ಅದರ ಮೊದಲ ಭಾಗ ರೋಗಿಯೇ ತುಂಬಬೇಕು. ಅಜ್ಜಿಗೆ ಕೇಳಿದ್ದೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಒಂದು ತಪ್ಪು ತಿಳಿವಳಿಕೆ ನನಗೂ ಇತ್ತು: ತಿನ್ನಲ್ಲ, ಅದಕ್ಕೇ ಸೊರಗಿದ್ದಾರೆ ಅಂತ. ಅಷ್ಟೇ ಅಲ್ಲ. ಗಡ್ಡೆಯಿಂದ ಮೈಯೊಳಗೆ ಉರಿಯೂತ ಎದ್ದು, ಹಸಿವು ಸಾಯುತ್ತೆ, ಮಾಂಸಖಂಡವೂ ಕರಗುತ್ತೆ. "ಒಂದು ತುತ್ತು ತಿನ್ನಜ್ಜಿ, ಹಠ ಮಾಡ್ಬೇಡ" ಅಂತ ನಾನು ಎಷ್ಟು ಸಲ ಬೈದಿದ್ದೀನೋ.

ಈಗ ರಾಗಿ ಗಂಜಿ, ಮೊಟ್ಟೆ, ಅವರು ಬರೆದುಕೊಟ್ಟ ಪ್ರೋಟೀನ್ ಪುಡಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಗಂಜಿ ಕಾಯಿಸೋದು ಚಿಕ್ಕಪ್ಪನೇ. ನಿನ್ನೆ ಪುಸ್ತಕದಲ್ಲಿ ಅತ್ತೆ ಬರೆದಿದ್ದು: 47.6. ಆಪರೇಷನ್ ಬರೋ ಗುರುವಾರ.

#ಹಳೇಲೆಕ್ಕ