ಬೆಟ್ಟ ಐಸ್‌ಲ್ಯಾಂಡಿನಲ್ಲಿ, ಸಾವು ಇಂಗ್ಲೆಂಡಿನಲ್ಲಿ

ಬ್ರಿಟನ್ನಿನ ನೆಲದಲ್ಲಿ ಜೀವಂತ ಜ್ವಾಲಾಮುಖಿ ಒಂದೂ ಇಲ್ಲ. ಎಡಿನ್‌ಬರೋ ಕೋಟೆ ನಿಂತಿರುವುದು ಜ್ವಾಲಾಮುಖಿಯ ಬಂಡೆಯ ಮೇಲೇ ಹೌದು, ಆದರೆ ಅದು ಆರಿಹೋಗಿ 30 ಕೋಟಿ ವರ್ಷ ದಾಟಿದೆ. ಹಾಗಿದ್ದೂ ಇಲ್ಲಿನ ಸರ್ಕಾರದ ನ್ಯಾಷನಲ್ ರಿಸ್ಕ್ ರಿಜಿಸ್ಟರ್‌ನಲ್ಲಿ, ಪ್ರವಾಹ, ಸಾಂಕ್ರಾಮಿಕ ರೋಗಗಳ ಸಾಲಿನಲ್ಲಿ ಜ್ವಾಲಾಮುಖಿಗೂ ಜಾಗ ಇದೆ. ಯಾಕೆ ಅಂತ ತಿಳಿಯಬೇಕಾದರೆ ನೀವು ನನ್ನ ಜೊತೆ 1783ಕ್ಕೆ ಬರಬೇಕು.

ಆ ವರ್ಷ ಜೂನ್ 8ರಂದು ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ ನೆಲ ಉದ್ದಕ್ಕೂ ಬಿರಿಯಿತು. ಎಂಟು ತಿಂಗಳು ಲಾವಾ ಹರಿಯಿತು. ವಿಷ ಬಿದ್ದ ಹುಲ್ಲು ಮೇಯ್ದು ದನ, ಕುರಿ ಸತ್ತವು, ಆಮೇಲೆ ಬರಗಾಲ. ದೇಶದ ಸುಮಾರು ಐದನೇ ಒಂದು ಭಾಗ ಜನ ಉಳಿಯಲಿಲ್ಲ. ಲಾವಾ ಅಲ್ಲೇ ಹೆಪ್ಪುಗಟ್ಟಿತು. ಆದರೆ ಅದರ ಜೊತೆ ಹೊರಬಿದ್ದ ಸುಮಾರು 12 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್‌ನಲ್ಲಿ ಬಹಳಷ್ಟು ಗಾಳಿ ಹಿಡಿದು ಯುರೋಪಿನ ಕಡೆ ಬಂತು.

ಇಂಗ್ಲೆಂಡಿನಲ್ಲಿ ಬೇಸಿಗೆಯ ನಡುವೆ ಒಣ ಮಂಜು ಕವಿಯಿತು. ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ನಡುಮಧ್ಯಾಹ್ನವೂ ಸೂರ್ಯ ಕಳೆಗುಂದಿದ್ದನ್ನು ಬರೆದಿಟ್ಟ. ಮುಂದಿನ ಚಳಿಗಾಲವೂ ಕಠೋರವಾಗಿತ್ತು. ಈಗ ಲೆಕ್ಕ ಹಾಕಿದವರ ಪ್ರಕಾರ ಆ ಬೇಸಿಗೆ ಮತ್ತು ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಮಾಮೂಲಿಗಿಂತ ಸುಮಾರು 20,000 ಹೆಚ್ಚು ಸಾವು. ಅದರಲ್ಲಿ ಗಾಳಿಯ ಪಾಲೆಷ್ಟು, ಸೆಖೆ-ಚಳಿಯ ಪಾಲೆಷ್ಟು ಅನ್ನೋ ಚರ್ಚೆ ಮುಗಿದಿಲ್ಲ.

ಈ ಲೆಕ್ಕ ಸಿಕ್ಕಿದ್ದು ಎಲ್ಲಿಂದ ಗೊತ್ತಾ? ಚರ್ಚುಗಳ ಸಮಾಧಿ ದಾಖಲೆಗಳಿಂದ. ಡೇಟಾ ಕೆಲಸ ಮಾಡುವ ನನ್ನನ್ನು ಕಾಡುವುದು ಇದೇ. ಒಂದೊಂದು ಹಳ್ಳಿಯ ಪುಸ್ತಕದಲ್ಲಿ ಕೆಲವೇ ಹೆಸರು ಜಾಸ್ತಿ, ಅಷ್ಟೇ. ಪಾದ್ರಿಗೆ ಅದು ಕೆಟ್ಟ ವರ್ಷ ಅನ್ನಿಸಿರಬಹುದು, ದುರಂತ ಅಂತ ಅನ್ನಿಸಲು ಕಾರಣವಿರಲಿಲ್ಲ. ಎಲ್ಲಾ ಪುಸ್ತಕಗಳನ್ನು ಕೂಡಿಸಿದಾಗ ಮಾತ್ರ ಅದು ಕಾಣುತ್ತೆ. ಹಾಗೆ ಕೂಡಿಸಿ ನೋಡಲು ಇನ್ನೂರು ವರ್ಷ ಬೇಕಾಯಿತು.

ಇನ್ನು 2010. ಏಪ್ರಿಲ್ 14ರಂದು ಐಸ್‌ಲ್ಯಾಂಡಿನ ಎಯಾಫ್ಯಾಟ್ಲಾಯೋಕುಟ್ಲ್ ಬೂದಿ ಉಗುಳಿತು. ಬೂದಿ ಜೆಟ್ ಎಂಜಿನ್ನಿನ ಒಳಗೆ ಕರಗಿ ಅಂಟಿಕೊಳ್ಳುತ್ತೆ. 1982ರಲ್ಲಿ ಜಾವಾ ಬಳಿ ಒಂದು ವಿಮಾನದ ನಾಲ್ಕೂ ಎಂಜಿನ್ ನಿಂತು, ಹೇಗೋ ಮತ್ತೆ ಹೊತ್ತಿಕೊಂಡಿದ್ದವು. ಹಾಗಾಗಿ ಮರುದಿನವೇ ಬ್ರಿಟನ್ನಿನ ಆಕಾಶ ಬಂದ್. ಯುರೋಪಿನಲ್ಲಿ ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. ಊರಿಗೆ ಹೊರಟು ಏರ್‌ಪೋರ್ಟಿನಲ್ಲೇ ದಿನ ಕಳೆದವರು ನಿಮ್ಮಲ್ಲೂ ಇರಬಹುದು.

ಆವರೆಗೆ ಪಟ್ಟಿಯಲ್ಲಿ ಇಲ್ಲದ ಜ್ವಾಲಾಮುಖಿ 2012ರಲ್ಲಿ ಸೇರಿತು. ಬೂದಿಯಷ್ಟೇ ಅಲ್ಲ, ಲಾಕಿಯಂಥ ವಿಷಗಾಳಿಯೂ ಸೇರಿತು. ಅಂದ್ರೆ 1783ರಲ್ಲಿ ಸತ್ತವರು ಸರ್ಕಾರದ ಕಣ್ಣಿಗೆ ಬಿದ್ದದ್ದು ವಿಮಾನಗಳು ನಿಂತ ಮೇಲೆ!

ಇದರ ಪಾಠ ಕೆಲಸಕ್ಕೆ ಬರುವಂಥದ್ದು. ಇಲ್ಲಿ ಕಾವಲು ಕಾಯಲು ಬೆಟ್ಟವಿಲ್ಲ. ಸಿದ್ಧತೆ ಅಂದ್ರೆ ಐಸ್‌ಲ್ಯಾಂಡಿನ ಹವಾಮಾನ ಇಲಾಖೆಯೊಂದಿಗೆ ಸಂಪರ್ಕ, ಗಾಳಿ ಅಳೆಯುವ ಯಂತ್ರಗಳು, ಆಸ್ತಮಾ ಇರುವವರಿಗೆ ಸಮಯಕ್ಕೆ ಸಿಗುವ ಎಚ್ಚರಿಕೆ. ನೀವಿರುವ ದೇಶದಲ್ಲೂ ಇಂಥ ಪಟ್ಟಿ ಇದೆಯಾ, ಹುಡುಕಿ ನೋಡಿ. ಸಿಕ್ಕಿದರೆ, ಗಡಿಯಾಚೆಯಿಂದ ಬರುವ ಅಪಾಯಗಳು ಅದರಲ್ಲಿ ಎಷ್ಟಿವೆ ಅಂತ ಎಣಿಸಿ.